ಗಾಳಿ ಅಕ್ಷರ

ನಮ್ಮ ಊರಿನಲ್ಲಿ ಮಾತಾಡುವ ಮೊದಲು ಕೈ ಎತ್ತಬೇಕು. ಇಲ್ಲಿ ಸದ್ದಿಗೆ ದಿಕ್ಕಿಲ್ಲ. ಹಿಂದಿನಿಂದ ಕೂಗಿದರೂ ಪಕ್ಕದಿಂದ ಕೂಗಿದರೂ ಕಿವಿಗೆ ಬೀಳುವುದು ಒಂದೇ ರೀತಿ, ಎದುರಿಗೆ ನಿಂತು ಹೇಳಿದ ಹಾಗೆ. ಹೂ ಮಾರುವವಳು ಬುಟ್ಟಿಯನ್ನು ಸೊಂಟಕ್ಕೆ ಒತ್ತಿಕೊಂಡು ಒಂದು ಕೈ ಎತ್ತಿಯೇ ಬೀದಿ ಸುತ್ತುತ್ತಾಳೆ. ಹಾರ್ನ್ ಹೊಡೆದು ಪ್ರಯೋಜನವಿಲ್ಲವೆಂದು ಬಸ್ಸಿನ ಕಂಡಕ್ಟರ್ ಕಿಟಕಿಯಿಂದ ಕೆಂಪು ಟವೆಲ್ ಬೀಸುತ್ತಾನೆ. ದನಗಳಿಗೆ ಗಂಟೆ ಕಟ್ಟುವುದಿಲ್ಲ, ಕೊಂಬಿಗೆ ಹಳದಿ ಬಟ್ಟೆ ಸುತ್ತುತ್ತಾರೆ. ಗುಂಪಿನಲ್ಲಿ ಯಾರಾದರೂ ಬೈದರೆ ಎಲ್ಲರೂ ಎಲ್ಲರ ಕೈ ನೋಡುತ್ತಾರೆ. ಕೈ ಎತ್ತದೆ ಬೈದದ್ದು ಬೈಗುಳವಲ್ಲ ಎಂಬುದು ನಮ್ಮಲ್ಲಿ ಎಂದೋ ತೀರ್ಮಾನವಾದ ವಿಷಯ. ಮೂಕರನ್ನು ಬರಿಗೈ ಎನ್ನುತ್ತಾರೆ. ಒಳ್ಳೆಯ ಮಾತಲ್ಲ, ಆದರೆ ಎನ್ನುತ್ತಾರೆ.

ನಾನು ಕಾಲೇಜು ಓದಿದ್ದು ಹೊರಗೆ, ಹಾಸ್ಟೆಲಿನಲ್ಲಿ ಇದ್ದುಕೊಂಡು. ಅಲ್ಲಿ ಸದ್ದು ಎಲ್ಲ ಕಡೆಯಿಂದಲೂ ಬರುತ್ತಿತ್ತು. ಮೊದಲ ವಾರ ತಲೆನೋವು ಬಂತು, ಆಮೇಲೆ ರೂಢಿಯಾಯಿತು. ಓದು ಮುಗಿಸಿ ಬಂದ ಮೇಲೆ ತಟ್ಟೆಮನೆಯ ಉಸ್ತುವಾರಿ ಕೆಲಸ ಸಿಕ್ಕಿತು. ತಟ್ಟೆಮನೆಯೆಂದರೆ ಊರಿನ ಹಳೆಯ ಗ್ರಾಮಾಫೋನ್ ತಟ್ಟೆಗಳನ್ನೆಲ್ಲ ಇಟ್ಟಿರುವ ಹಾಲ್. ಭಾನುವಾರ ಮಧ್ಯಾಹ್ನ ಊಟ ಮುಗಿಸಿ ಜನ ಅಲ್ಲಿಗೆ ಬರುತ್ತಾರೆ, ಚಾಪೆ ಹಾಸಿಕೊಂಡು ಕೇಳುತ್ತಾರೆ. ಊರಿನಲ್ಲಿ ಧ್ವನಿ ಎಲ್ಲಿಂದ ಬರುತ್ತಿದೆಯೆಂದು ಯಾರೂ ಹುಡುಕಬೇಕಾಗಿಲ್ಲದ ಜಾಗ ಅದೊಂದೇ. ಎಲ್ಲರೂ ತಟ್ಟೆ ಹಾಡಿಸುವ ಪೆಟ್ಟಿಗೆಯ ಕಡೆ ಮುಖ ಮಾಡಿ ಕೂತರೆ ಆಯಿತು. ತಟ್ಟೆಯ ಮೇಲೆ ಓಡುವ ಮುಳ್ಳನ್ನು ಹೊತ್ತ ಉದ್ದನೆಯ ಸಲಾಕೆಗೆ ನಾವು ಕೈ ಎನ್ನುತ್ತೇವೆ. ಹಾಡಿಗೆ ಮೊದಲೂ ಅದು ಏಳುತ್ತದೆ, ಹಾಡಾದ ಮೇಲೂ ಏಳುತ್ತದೆ. "ಮನುಸ್ರಿಗಿಂತ ಮರ್ಯಾದಸ್ತ ಮಿಸೀನು" ಎಂದು ಟೈಲರ್ ಮರಿಸ್ವಾಮಿ ಹೇಳುವುದುಂಟು.

ತಟ್ಟೆ ಮುಗಿದಾಗ, ಹಾಡಿದವರು ಬದುಕಿದ್ದು ಹಾಲಿನಲ್ಲಿದ್ದರೆ, ಎದ್ದು ಕೈ ಎತ್ತಬೇಕು. ಆ ಧ್ವನಿ ನನ್ನದು ಎಂದು ಹೇಳುವ ಕ್ರಮ ಅದು. ಒಂದು ತಟ್ಟೆಗೆ ಮಾತ್ರ ಎರಡು ಕೈ ಏಳುತ್ತಿದ್ದವು. ಹಾಲಿನ ಈ ಗೋಡೆಯ ಪಕ್ಕದಿಂದ ಹೂವಮ್ಮ ಟೀಚರದು, ಆ ಗೋಡೆಯ ಪಕ್ಕದಿಂದ ಅವರ ಅಕ್ಕ ದೇವೀರಮ್ಮನದು. ತಟ್ಟೆಯ ನಡುವಿನ ಚೀಟಿಯ ಮೇಲೆ ಅಚ್ಚಾಗಿದ್ದದ್ದು 'ಹಾಡಿದವರು: ಗಾಣದ ನಿಂಗಪ್ಪನ ಮಗಳು' ಎಂದಷ್ಟೆ. ಗಾಣದ ನಿಂಗಪ್ಪನಿಗೆ ಇಬ್ಬರು ಹೆಣ್ಣುಮಕ್ಕಳು.

ಅವರು ಹುಡುಗಿಯರಾಗಿದ್ದಾಗ ರೆಕಾರ್ಡಿಂಗ್ ವ್ಯಾನೊಂದು ಊರಿಗೆ ಬಂದಿತ್ತಂತೆ. ಇಬ್ಬರನ್ನೂ ಒಂದೇ ಮೈಕಿನ ಮುಂದೆ ಕೂರಿಸಿದರು. ಹೊರಗಿನವರ ಮುಂದೆ ಹಲ್ಲು ಕಾಣಬಾರದೆಂದು ಅಪ್ಪ ಹೇಳಿದ್ದರಿಂದ ಇಬ್ಬರೂ ದಾವಣಿಯ ತುದಿಯನ್ನು ಬಾಯಿಗೆ ಅಡ್ಡ ಹಿಡಿದಿದ್ದರು. ಬಳೆ ಸದ್ದಾಗುತ್ತದೆ, ಕೈ ಎತ್ತಬೇಡಿ ಎಂದು ವ್ಯಾನಿನವನು ಗದರಿದ. ಹಾಡು ಮುಗಿಯಿತು. ಅವನು ಯಂತ್ರದೊಳಗಿನಿಂದ ತಲೆ ಹೊರಗೆ ಹಾಕಿ, "ಒಬ್ಬಳದೇ ಬಂದಿದೆ, ಇನ್ನೊಬ್ಬಳು ಹೆದರಿ ಸುಮ್ಮನೆ ಬಾಯಾಡಿಸಿದ್ದಾಳೆ, ಇರಲಿ, ಚೆನ್ನಾಗಿದೆ" ಎಂದು ಹೇಳಿ ಹೊರಟುಹೋದ. ಯಾವ ಒಬ್ಬಳು ಎಂದು ಯಾರೂ ಕೇಳಲಿಲ್ಲ. ನೋಡಲು ನೆರೆದಿದ್ದವರಿಗೆ ಕಂಡದ್ದು ಎರಡು ದಾವಣಿ, ಕೇಳಿಸಿದ್ದು ಒಂದು ಧ್ವನಿ. ಅಕ್ಕತಂಗಿಯರ ಎಳೆಯ ದನಿಗಳು ಒಂದರ ಹಾಗೆ ಇನ್ನೊಂದು. ಇನ್ನು ಅವರಿಬ್ಬರಿಗಾದರೂ ಗೊತ್ತಿರಬೇಕಲ್ಲ ಎಂದು ಹೊರಗಿನವರು ಕೇಳಬಹುದು. ನಮ್ಮ ಊರಿನಲ್ಲಿ ಜೊತೆಗೆ ಹಾಡುವವರಿಗೆ ತಮ್ಮ ದನಿ ಯಾವುದು, ಪಕ್ಕದವರದು ಯಾವುದು ಎಂದು ತಿಳಿಯುವುದಿಲ್ಲ. ಭಜನೆಗೆ ಇದರಿಂದ ತೊಂದರೆಯಿಲ್ಲ. ಈ ಅಕ್ಕತಂಗಿಯರಿಗೆ ಇದರಿಂದ ಮಾತೇ ನಿಂತುಹೋಯಿತು. ಇಬ್ಬರೂ ಸುಳ್ಳು ಹೇಳುತ್ತಿರಲಿಲ್ಲ, ಅದೇ ತೊಡಕು.

ಹೂವಮ್ಮ ಟೀಚರ್ ನನಗೆ ಮೂರನೆಯ ತರಗತಿಯಲ್ಲಿ ಕನ್ನಡ ಕಲಿಸಿದವರು. ನಮ್ಮ ಊರಿನವರ ಬಾಯಲ್ಲಿ ಹ ಇಲ್ಲ. ಹಾಲು ಆಲು, ಹೊಲ ಒಲ. ಊರಿನ ಹಿರಿಯರು ಆ ಅಕ್ಷರವನ್ನು ಗಾಳಿ ಅಕ್ಷರ ಎಂದು ಕರೆಯುತ್ತಾರೆ. ಅವರಿಗೆ ಅದರ ಹೆಸರು ಹೇಳಲೂ ಬಾರದು. ಟೀಚರ್ ನಮ್ಮ ಅಂಗೈಯನ್ನು ನಮ್ಮದೇ ಬಾಯಿಯ ಮುಂದೆ ಹಿಡಿಸಿ, ಗಾಳಿ ತಾಗಿತೇ ಎಂದು ಕೇಳುತ್ತಿದ್ದರು. ತಾಗದಿದ್ದರೆ ಬೆಂಚಿನ ಮೇಲೆ ನಿಲ್ಲಬೇಕು. ಎಲ್ಲಿ ಬೇಡವೋ ಅಲ್ಲಿ ತಾಗಿಸಿದರೆ, ಅಂದರೆ ಆನೆಯನ್ನು ಹಾನೆ ಮಾಡಿದರೆ, ಬೆತ್ತ. ಬಿಡುವುದು ಅಜ್ಞಾನ, ಸೇರಿಸುವುದು ಅಹಂಕಾರ ಎಂದು ಅವರ ಸಿದ್ಧಾಂತ. ಹೊರಗಿನ ಹಾಸ್ಟೆಲಿನಲ್ಲಿ ನನ್ನನ್ನು ನೋಡಿ ಯಾರೂ ನಗಲಿಲ್ಲ ಎಂದರೆ ಅದು ಅವರಿಂದ. ಆದರೂ ಅವರ ಮೇಲೆ ನನಗೆ ಪ್ರೀತಿಯೇನೂ ಇರಲಿಲ್ಲ.

ಒಂದು ದಿನ ಬೆಳಿಗ್ಗೆ ನಾನು ತಟ್ಟೆಗಳ ದೂಳು ಒರೆಸುತ್ತಿದ್ದಾಗ ಅವರು ಬಂದು ಬಾಗಿಲಲ್ಲಿ ಕೈ ಎತ್ತಿದರು. ಧ್ವನಿ ಒಡೆದು ಹೋಗಿತ್ತು, ತಗಡಿನ ಮೇಲೆ ಮರಳು ಎಳೆದ ಹಾಗೆ.

"ಶಿವಲೀಲಾ, ಮುಂದಿನ ವಾರ ನನ್ನ ಗಂಟಲಿನ ಪೆಟ್ಟಿಗೆ ತೆಗೆಯುತ್ತಾರೆ. ಗಡ್ಡೆ ಆಗಿದೆ. ತೆಗೆದರೆ ಉಳಿಯುತ್ತೇನಂತೆ, ಮಾತು ಉಳಿಯೋದಿಲ್ಲ."

ನಾನು ಒರೆಸುತ್ತಿದ್ದ ತಟ್ಟೆಯನ್ನು ಕೆಳಗಿಟ್ಟೆ.

"ಬರಿಗೈ ಆಗೋದಕ್ಕೆ ನನಗೆ ಭಯ ಇಲ್ಲ. ಮಾತಾಡಿದ್ದು ಸಾಕಾಗಿದೆ. ಆದರೆ ನನ್ನದು ಅಂತ ಒಂದು ಧ್ವನಿ ಇತ್ತು ಅನ್ನೋದಕ್ಕೆ ಆ ತಟ್ಟೆ ಒಂದೇ ಇರೋದು. ಅದು ನನ್ನದು ಹೌದೋ ಅಲ್ಲವೋ ಅಂತ ನನಗೆ ಆಸ್ಪತ್ರೆಗೆ ಹೋಗೋದರೊಳಗೆ ಗೊತ್ತಾಗಬೇಕು."

"ಈಗಲೇ ಫೋನಿನಲ್ಲಿ ರೆಕಾರ್ಡ್ ಮಾಡಿಡಬಹುದಲ್ಲ ಟೀಚರ್."

"ಈ ಗೊಗ್ಗರು ಧ್ವನಿಯನ್ನೇ? ಇದನ್ನು ಇಟ್ಟುಕೊಂಡು ನಾಯಿ ಓಡಿಸಲೇ?"

ಗೊತ್ತು ಮಾಡುವ ದಾರಿಯನ್ನೂ ಅವರೇ ಯೋಚಿಸಿಕೊಂಡು ಬಂದಿದ್ದರು. ಹಾಡಿನ ಮೊದಲ ಎರಡು ಸಾಲು ಹೀಗೆ: 'ಅಕ್ಕಿ ಹರಡಿದೆ ಅಂಗಳದಲ್ಲಿ, ಹಕ್ಕಿ ಬರಲಿಲ್ಲ. ಹತ್ತಿ ನೋಡಿದೆ ಅಟ್ಟದ ಮೇಲೆ, ಅಕ್ಕ ಬರಲಿಲ್ಲ.' ವ್ಯಾನು ಬಂದ ವರ್ಷವೇ ಹೊರಗಿನಿಂದ ಬಂದ ಮೇಷ್ಟ್ರೊಬ್ಬರು ಹೂವಮ್ಮನಿಗೆ ಪಾಠ ಹೇಳಲು ಶುರು ಮಾಡಿದ್ದರು. ಮೇಷ್ಟ್ರು ಕಲಿಸಿದ ಮೊದಲ ಅಕ್ಷರ ಹ. ಅಕ್ಕ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಆದ್ದರಿಂದ ತಟ್ಟೆಯಲ್ಲಿ ಹಕ್ಕಿ ಬರಲಿಲ್ಲ ಎಂದಿದ್ದರೆ ತಂಗಿಯ ಧ್ವನಿ, ಅಕ್ಕಿ ಬರಲಿಲ್ಲ ಎಂದಿದ್ದರೆ ಅಕ್ಕನ ಧ್ವನಿ.

ಇಷ್ಟು ಸುಲಭವಾಗಿದ್ದರೆ ಇಷ್ಟು ವರ್ಷ ಯಾಕೆ ಬೇಕಾಯಿತು ಎಂದರೆ, ಅಂದು ಎದುರಿಗೆ ಕೇಳಿದವರ ಕಿವಿ ಗಾಳಿ ಅಕ್ಷರವನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ, ತಟ್ಟೆ ಊರಿಗೆ ಬರುವಾಗಲೇ ಸವೆದಿತ್ತು. ಹಾಕಿದರೆ ಹಾಡಿಗಿಂತ ಮೊದಲು ಉಪ್ಪು ಹುರಿದ ಸದ್ದು ಬರುತ್ತಿತ್ತು, ಹಾಡಿನ ಉದ್ದಕ್ಕೂ ಇರುತ್ತಿತ್ತು. ಹ ಎಂದರೆ ಏನು, ಒಂದಿಷ್ಟು ಉಸಿರು. ಆ ಚರಚರದೊಳಗೆ ಅದು ಇದೆಯೋ ಇಲ್ಲವೋ ದೇವರಿಗೇ ಗೊತ್ತು. ಊರಿನ ಮಕ್ಕಳು ಅಕ್ಕಿ ಹರಡಿದರೆ ಅಕ್ಕಿ ಯಾಕೆ ಬರಲಿಲ್ಲ ಎಂದು ಕೇಳುತ್ತ ಬೆಳೆದಿದ್ದಾರೆ.

ನನಗೆ ಕುತೂಹಲ ಹಿಡಿಯಿತು. ದಯೆಯಿಂದ ಮಾಡಿದೆನೆಂದು ಯಾರಾದರೂ ಹೇಳಿದರೆ ನಂಬಬೇಡಿ. ಹಾಸ್ಟೆಲಿನ ಲೈಬ್ರರಿಯಲ್ಲಿ ಧ್ವನಿಯಂತ್ರಗಳ ಬಗ್ಗೆ ಒಂದು ಪುಸ್ತಕವಿತ್ತು, ಯಾರೂ ಮುಟ್ಟದ್ದು, ನಾನು ಓದಿದ್ದೆ. ಹಳೆಯ ಮೋನೋ ತಟ್ಟೆಗಳಿಗೆ, ಅಂದರೆ ಒಂದೇ ಸ್ಪೀಕರಿಗೆಂದು ಮಾಡಿದವಕ್ಕೆ, ಬೇರೆಯೇ ಮುಳ್ಳು ಬೇಕು ಎಂದು ಅದರಲ್ಲಿ ಓದಿದ ನೆನಪು. ಮಾರನೆಯ ದಿನ ಬಸ್ಸು ಹತ್ತಿ ನಗರಕ್ಕೆ ಹೋದೆ. ಹಳೆಯ ರೇಡಿಯೋ, ಟೇಪು, ತಟ್ಟೆಗಳನ್ನು ಮಾರುವ ಜಬೀವುಲ್ಲಾ ಎಂಬವರ ಅಂಗಡಿ ಸಿಕ್ಕಿತು. ನಾನು ನಮ್ಮ ಪೆಟ್ಟಿಗೆಯ ವಿಚಾರ ಹೇಳಿದೆ. ಅದನ್ನು ಊರಿಗೆ ದಾನ ಕೊಟ್ಟ ಮುಖಂಡರು ಸ್ಟೀರಿಯೋ ಸೆಟ್ಟೇ ಕೊಟ್ಟಿದ್ದರು, ಎರಡು ಸ್ಪೀಕರುಗಳ ಸಮೇತ. ನಮ್ಮ ಊರಿನಲ್ಲಿ ಎರಡನೆಯದರಿಂದ ಉಪಯೋಗವಿಲ್ಲದ್ದರಿಂದ ಅದರ ಮೇಲೆ ನೀರಿನ ಹೂಜಿ ಇಟ್ಟಿದ್ದೇವೆ.

"ಅಲ್ಲೇ ತಪ್ಪಿರೋದು ನೋಡಮ್ಮ" ಎಂದರು ಜಬೀವುಲ್ಲಾ. ಒಂದು ತಟ್ಟೆ ತೆಗೆದು ಬೆರಳು ಹಿಡಿದು ತೋರಿಸಿದರು. "ಮೋನೋ ತಟ್ಟೇಲಿ ಹಾಡು ಇರೋದು ಅಡ್ಡಡ್ಡಕ್ಕೆ. ಮುಳ್ಳು ಎಡಕ್ಕೂ ಬಲಕ್ಕೂ ಅಲ್ಲಾಡಿದ್ರೆ ಹಾಡು. ಮೇಲೆ ಕೆಳಗೆ ಕುಣಿದ್ರೆ ಅದು ದೂಳು, ಗೀರು, ಸವೆತ. ನಿಮ್ಮ ಸ್ಟೀರಿಯೋ ಮುಳ್ಳು ಐತಲ್ಲ, ಅದು ಎರಡನ್ನೂ ಕೇಳುತ್ತೆ. ಪಾಪ, ಅದರ ಕೆಲಸಾನೇ ಅದು. ಮುಳ್ಳು ಕೂರೋ ಈ ಮೋನೋ ಕಾರ್ಟ್ರಿಡ್ಜ್ ಹಾಕಿದ್ರೆ ಮೇಲೆ ಕೆಳಗಿನ ಮಾತು ಅದಕ್ಕೆ ಕೇಳಿಸೋದೇ ಇಲ್ಲ."

"ಕಿವುಡು?"

"ಬೇಕಾದಷ್ಟು ಕಿವುಡು. ನಮ್ಮ ಮನೇಲಿ ನಾನು ಇದ್ದ ಹಾಗೆ."

ಅದರ ಮುಳ್ಳಿನ ತುದಿಯೂ ದಪ್ಪ, ಆದ್ದರಿಂದ ಹಳೆಯ ಮುಳ್ಳು ಸವೆಸಿದ ಜಾಗಕ್ಕಿಂತ ಸ್ವಲ್ಪ ಮೇಲೆ, ತಟ್ಟೆಯ ಗೆರೆಯ ಇನ್ನೂ ಹಾಳಾಗದ ಗೋಡೆಗೆ ತಾಗಿಕೊಂಡು ಓಡುತ್ತದೆ ಎಂದೂ ಹೇಳಿದರು. ಈಗಿರುವ ಕೈಗೇ ಅದನ್ನು ಜೋಡಿಸುತ್ತೇನೆ ಎಂದೆ. ಅವರು ಒಪ್ಪಲಿಲ್ಲ. ಆ ಕೈ ಹಗುರ, ಈ ಕಾರ್ಟ್ರಿಡ್ಜ್ ಗಟ್ಟಿ ಪಿಂಡ, ಭಾರದ ಕೈ ಬೇಕು. ಅದೂ ಅಲ್ಲದೆ ವಾರವಾರವೂ ಬಿಚ್ಚಿ ಕಟ್ಟಿದರೆ ಒಂದು ದಿನವೂ ನೇರ ಕೂರುವುದಿಲ್ಲ. "ಹಳೇ ತಟ್ಟೆಗೆ ಅಂತಲೇ ಇನ್ನೊಂದು ಕೈ ಇಟ್ಟುಬಿಡು. ಒಂದು ಪೆಟ್ಟಿಗೆಗೆ ಎರಡು ಕೈ ಇದ್ರೆ ತಪ್ಪೇನಿಲ್ಲ" ಎಂದು ಉದ್ದನೆಯ, ತೂಕದ ಕೈಯೊಂದನ್ನು ಗೋಣಿಚೀಲದಲ್ಲಿ ಸುತ್ತಿಕೊಟ್ಟರು. ಪೆಟ್ಟಿಗೆಯ ಮರದ ಹಲಗೆಗೆ ತೂತು ಕೊರೆದು, ತಟ್ಟೆ ತಿರುಗುವ ನಡುವಿನ ಅಚ್ಚಿನಿಂದ ಅಳತೆ ನೋಡಿ ಅದನ್ನು ಕೂರಿಸಲು ನನಗೆ ಎರಡು ದಿನ ಹಿಡಿಯಿತು. ಮೊದಲ ತೂತು ತಪ್ಪಿತು. ಎರಡನೆಯದು ಸರಿಯಾಯಿತು. ತಪ್ಪಿದ್ದರ ಮೇಲೆ ಮೇಣ ಮೆತ್ತಿದೆ. ಬೇರೆ ಯಾವುದೋ ತಟ್ಟೆ ಹಾಕಿ ನೋಡಿದೆ. ಉಪ್ಪು ಹುರಿಯುವುದು ಪೂರ್ತಿ ನಿಲ್ಲಲಿಲ್ಲ, ಆದರೆ ಅಡಿಗೆಮನೆಯಿಂದ ಎದ್ದು ಹಿತ್ತಲಿಗೆ ಹೋಯಿತು. ತಾಳ ಹಾಕುವವನು ನಡುವೆ ಒಮ್ಮೆ ಕೆಮ್ಮಿದ್ದು ಕೇಳಿಸಿತು. ಅವನು ಕೆಮ್ಮಿದ್ದಾನೆಂದು ಊರಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಅಕ್ಕತಂಗಿಯರ ತಟ್ಟೆಯನ್ನು ಹಾಕಲಿಲ್ಲ. ಆಸೆಯಿತ್ತು. ಆದರೆ ಒಬ್ಬಳೇ ಕೇಳಿದರೆ ನಾನೇ ಏನೋ ಮಾಡಿದೆನೆಂದು ದೇವೀರಮ್ಮ ಊರು ತುಂಬ ಹೇಳುತ್ತಾಳೆ. ಅವಳನ್ನು ಒಪ್ಪಿಸಬೇಕಿತ್ತು. ಅವಳು ಕಡಲೆಪುರಿ ಭಟ್ಟಿ ನಡೆಸುತ್ತಾಳೆ. ಬಾಂಡಲೆಯ ಮುಂದೆ ನಿಂತು ಎಲ್ಲ ಹೇಳಿದೆ, ತಂಗಿಯ ಗಂಟಲಿನ ವಿಷಯವನ್ನೂ ಸೇರಿಸಿ. ಅವಳು ಸೌಟು ಆಡಿಸುವುದನ್ನು ನಿಲ್ಲಿಸಲಿಲ್ಲ.

"ಗಂಟ್ಲು ಓದ್ರೆ ನಾನೇನ್ ಮಾಡ್ಲಿ. ಅದ್ಕೆ ನನ್ ಆಡು ಕೊಟ್ಬುಡ್ಬೇಕಾ?"

"ಕೊಡು ಅಂತ ಯಾರೂ ಕೇಳ್ತಿಲ್ಲ ದೇವೀರಮ್ಮ. ಯಾರದು ಅಂತ ನೋಡೋಣ."

"ನೋಡದೇನ್ ಬಂತು. ನನ್ಗೆ ಇರೋದ್ ಅದೊಂದು. ಅವ್ಳಿಗೆ ಇಸ್ಕೂಲು, ಪಿಂಚಣಿ, ಟೀಚರಮ್ಮ ಅನ್ನೋ ಜನ ಎಲ್ಲ ಅದೆ. ನಾನ್ ಆಡಿದ್ದೀನಿ ಅಂತ ಎಲ್ರೂ ಏಳ್ತಾರಲ್ಲ, ಅದೊಂದ್ ನಂಗೆ." ಬಾಂಡಲೆಯಲ್ಲಿ ಪುರಿ ಒಡೆದು ಮೇಲೆದ್ದಿತು. ಅದನ್ನು ಸೌಟಿನಿಂದ ತಿರುವಿ ಹಾಕಿ ಹೇಳಿದಳು, "ಆಗ್ಲಿ ಆಕು. ಗಾಳಿ ಅಕ್ಸರ ಇದ್ರೆ ಅವ್ಳದು. ಇಲ್ದಿದ್ರೆ ನಂದು. ಇಲ್ದಿದ್ಮೇಲೆ ಅವ್ಳು ಇನ್ನೊಂದಪ ಕೈ ಎತ್ಬಾರ್ದು, ಏಳ್ಬುಡು."

ಭಾನುವಾರ ಹಾಲಿನಲ್ಲಿ ಜಾಗವಿರಲಿಲ್ಲ. ಕಿಟಕಿಗಳ ಹೊರಗೂ ಜನ ನಿಂತಿದ್ದರು. ಟೀಚರ್ ಕುತ್ತಿಗೆಗೆ ಬಿಳಿ ಬಟ್ಟೆ ಸುತ್ತಿಕೊಂಡು ತಮ್ಮ ಗೋಡೆಯ ಪಕ್ಕ ಕೂತರು. ದೇವೀರಮ್ಮ ತನ್ನ ಗೋಡೆಯ ಪಕ್ಕ ಕೂತಳು, ಹೊಸ ಸೀರೆ ಉಟ್ಟುಕೊಂಡು. ಪೆಟ್ಟಿಗೆಯ ಎರಡನೆಯ ಕೈಯನ್ನು ನೋಡಿ ಜನ ಗುಸುಗುಸು ಮಾಡಿದರು. ಎಲ್ಲರ ಗುಸುಗುಸುವೂ ನನ್ನ ಎದುರಿಗೇ ಕೇಳಿಸಿತು. ಮರಿಸ್ವಾಮಿ ಕೈ ಎತ್ತಿ, "ಮಿಸೀನ್ಗೂ ಅಕ್ಕತಂಗಿ ಜಗಳ ಅಂಟ್ಕತ್ತು" ಎಂದ.

ನಾನು ಭಾರದ ಕೈಯನ್ನು ಎತ್ತಿ ಇಳಿಸಿದೆ.

ಮೊದಲು ಹಾರ್ಮೋನಿಯಂ ಬಂತು. ಅದರಲ್ಲಿ ಹಾರ್ಮೋನಿಯಂ ಇದೆಯೆಂದೇ ಹಲವರಿಗೆ ಗೊತ್ತಿರಲಿಲ್ಲ. ಆಮೇಲೆ ಒಬ್ಬ ಹುಡುಗಿ ಉಸಿರು ಎಳೆದುಕೊಂಡಳು, ನಮ್ಮೆಲ್ಲರ ಮುಖದೆದುರೇ ಕೂತು ಎಳೆದುಕೊಂಡ ಹಾಗೆ. ಹಾಡತೊಡಗಿದಳು.

'ಹಕ್ಕಿ ಹರಡಿದೆ ಹಂಗಳದಲ್ಲಿ, ಹಕ್ಕಿ ಬರಲಿಲ್ಲ. ಹತ್ತಿ ನೋಡಿದೆ ಹಟ್ಟದ ಮೇಲೆ, ಹಕ್ಕ ಬರಲಿಲ್ಲ.'

ಸ್ವಲ್ಪ ಹೊತ್ತು ಯಾರಿಗೂ ಏನೂ ತಿಳಿಯಲಿಲ್ಲ. ಇದೆ ಎಂದರೆ ತಂಗಿಯದು, ಇಲ್ಲ ಎಂದರೆ ಅಕ್ಕನದು ಎಂದು ಮಾತಾಗಿತ್ತು. ಎಲ್ಲ ಕಡೆಯೂ ಇದ್ದರೆ ಏನೆಂದು ಯಾರೂ ಯೋಚಿಸಿರಲಿಲ್ಲ. ಹಾಡು ಓಡುತ್ತಿತ್ತು. ಹುಡುಗಿ ಎಲೆಯನ್ನು ಹೆಲೆ ಎಂದಳು, ಊರನ್ನು ಹೂರು ಎಂದಳು. ತುಂಬ ಶ್ರದ್ಧೆಯಿಂದ, ಪ್ರತಿಯೊಂದಕ್ಕೂ ಎದೆಯಿಂದ ಗಾಳಿ ತೆಗೆದು ಹಾಕುತ್ತ ಹಾಡಿದಳು. ಧ್ವನಿ ಚೆನ್ನಾಗಿತ್ತು, ಅದನ್ನು ಹೇಳಲೇಬೇಕು. ಹಾಡು ಮುಗಿಯುವಷ್ಟರಲ್ಲಿ ಹಿಂದಿನ ಸಾಲಿನಲ್ಲಿ ಒಬ್ಬರು ನಕ್ಕರು, ಆಮೇಲೆ ಹಾಲೆಲ್ಲ ನಕ್ಕಿತು. ನಕ್ಕವರಲ್ಲಿ ಹೆಚ್ಚಿನವರು ಟೀಚರ ಬೆಂಚು ಹತ್ತಿದವರು.

ನಾನು ಕೈಯನ್ನು ಎತ್ತಿ ಅದರ ಜಾಗಕ್ಕೆ ತಂದಿಟ್ಟೆ. ಎರಡು ಗೋಡೆಗಳನ್ನೂ ನೋಡಿದೆ. ಯಾರ ಕೈಯೂ ಎದ್ದಿರಲಿಲ್ಲ.

ಮೊದಲು ಎದ್ದದ್ದು ಟೀಚರ ಕೈ, ಆದರೆ ಅದು ಮಾತಾಡಲು ಎತ್ತಿದ ಕೈ. "ಅದು ನಾನಲ್ಲ" ಎಂದರು. "ಹಂಗಳ ಅನ್ನೋ ಹುಡುಗಿ ನಾನಲ್ಲ. ನಾನು ಯಾವತ್ತೂ ಹಾಗೆ ಅಂದವಳಲ್ಲ. ನನ್ನ ಕೇಳಿ ಕೇಳಿ, ಅರ್ಥವಾಗದೆ ಅಕ್ಕ ಹಾಗೆ ಹಾಡಿದ್ದಾಳೆ. ಅವಳದೇ ಇರಲಿ."

ಮರಿಸ್ವಾಮಿ ಕೈ ಎತ್ತಿದ. "ಟೀಚರ್, ಹಾಕಾಸ ಅಂದಿದ್ಕೆ ನನ್ ಅಂಗೈ ಊದ್ಸಿದ್ರಿ. ಗ್ಯಾಪ್ಕ ಅದಾ?"

ಮತ್ತೆ ನಗು. ಟೀಚರ್ ಬಾಗಿಲಿನ ಕಡೆ ನೋಡಿದರು. ಅವರು ಎದ್ದು ಹೋಗುತ್ತಾರೆ, ಆಸ್ಪತ್ರೆಗೂ ಹಾಗೆಯೇ ಹೋಗುತ್ತಾರೆ ಎಂದು ನನಗೆ ಅನ್ನಿಸಿತು. ತಟ್ಟೆ ದೇವೀರಮ್ಮನದಾಗುತ್ತಿತ್ತು. ಅವಳು ಕೈ ಎತ್ತಿದ್ದರೆ ಸಾಕಿತ್ತು.

ದೇವೀರಮ್ಮ ಕೈ ಎತ್ತಿದಳು, ಆದರೆ ಏಳಲಿಲ್ಲ. "ನಗದು ನಿಲ್ಸ್ರಲಾ" ಎಂದಳು. "ಸಿವ್ಲೀಲ, ನಾನ್ ಒಂದ್ ಮಾತು ಏಳ್ತೀನಿ. ನೀನು ಅದ್ಕೆ ಗಾಳಿ ಆಕಿ ಏಳು."

"ಯಾವ ಮಾತು?"

"ಅಮ್ಮ."

"ಹಮ್ಮ?"

"ಊಂ, ಅಂಗೇ. ನನ್ ಬಾಯಲ್ಲಿ ಅದು ಬರಾಕಿಲ್ಲ, ಅಣಕ್ಸಾಕೂ ಬರಾಕಿಲ್ಲ. ಮೇಷ್ಟ್ರತ್ರ ಓಗಕ್ ಸುರು ಮಾಡ್ದಾಗ ಇವ್ಳು ನಮ್ಮವ್ವನ್ನ ಅಂಗೇ ಕರೆಯಾಳು, ನೀನೀಗ ಅಂದ್ಯಲ್ಲ, ಅಂಗೆ. ವರ್ಸ ಪೂರಾ. ನಂಗೂ ಅಂಗೇ ಗಾಳಿ ಆಕಾಳು. ಅಂಬಲಿಗೂ ಆಕಾಳು. ಒಸ ಲಂಗ ಒಲಿಸ್ಕೊಂಡೋರು ಕೊಟ್ಗೆಗೂ ಉಟ್ಕಂಡ್ ಓಯ್ತಾರೆ ನೋಡು, ಅಂಗೆ. ಅವ್ವ ಬಿದ್ದು ಬಿದ್ದು ನಗಾಳು." ಅವಳು ಹಾಲಿನ ಆಚೆ ತಂಗಿಯನ್ನು ನೋಡಿದಳು. ಎಷ್ಟೋ ವರ್ಷಗಳ ನಂತರ ನೇರವಾಗಿ ಅವಳಿಗೇ ಹೇಳಿದಳು. "ಊವಿ, ಕಲ್ತೋಳು ನೀನು. ತಪ್ಪು ಮಾಡಾಕೂ ಕಲ್ತಿರ್ಬೇಕು ಕಣೆ. ನಾನ್ ಎಂಗೆ ಮಾಡ್ಲಿ ಆ ತಪ್ಪ."

ಟೀಚರ್ ತಮ್ಮ ಅಂಗೈಯನ್ನು ಬಾಯಿಯ ಹತ್ತಿರ ತಂದುಕೊಂಡಿದ್ದರು. ನಮಗೆ ಮಾಡಿಸುತ್ತಿದ್ದ ಹಾಗೆ. ತುಟಿಗಳು ಸ್ವಲ್ಪ ಆಡಿದವು.

"ಮತ್ತೆ ನೀನು?" ಎಂದು ಆಮೇಲೆ ಕೇಳಿದರು. "ನೀನೂ ಹಾಡಿದೆ ಅಂತಿದ್ದೆಯಲ್ಲ."

"ನಾನು ಬಾಯಾಡುಸ್ದೆ. ಆಡು ಬಂತು. ನಂದೇ ಅನ್ಕಂಡೆ." ದೇವೀರಮ್ಮ ಹೊಸ ಸೀರೆಯ ಮಡಿಕೆಯನ್ನು ತೊಡೆಯ ಮೇಲೆ ಸರಿ ಮಾಡಿಕೊಂಡಳು. "ಸುಮ್ಕಿದ್ದೋಳು ನಾನೇ ಇರ್ಬೇಕು. ಬುಡು."

ಹಾಲಿನಲ್ಲಿ ಈಗ ನಗುವಿರಲಿಲ್ಲ. ಎಲ್ಲರೂ ಟೀಚರ ಕಡೆ ನೋಡುತ್ತಿದ್ದರು. ಅವರು ಬೇಡವೆಂದರೆ ಬೇಡ. ನಮ್ಮಲ್ಲಿ ಎತ್ತದ ಕೈಯನ್ನು ಯಾರೂ ಎತ್ತಿಸುವುದಿಲ್ಲ. ಬೇಕೆಂದರೆ ಆ ಹಂಗಳವನ್ನೂ ಹಟ್ಟವನ್ನೂ ಸೇರಿಸಿಯೇ ತೆಗೆದುಕೊಳ್ಳಬೇಕು, ಮರಿಸ್ವಾಮಿಯ ಎದುರಿಗೆ, ಬೆತ್ತ ತಿಂದ ಎಲ್ಲರ ಎದುರಿಗೆ. ಮುಂದೆ ಪ್ರತಿ ಸಲ ತಟ್ಟೆ ಹಾಕಿದಾಗಲೂ ಹಾಗೆಯೇ ಕೇಳಿಸುತ್ತದೆ, ತಿದ್ದಲು ಬಾಯಿ ಇರುವುದಿಲ್ಲ. ಬೇಕಿದ್ದರೆ ಹಳೆಯ ಕೈಯಲ್ಲೇ ಹಾಕುತ್ತೇನೆ, ಉಪ್ಪಿನ ಸದ್ದಿನಲ್ಲಿ ಮುಚ್ಚಿಹೋಗುತ್ತದೆ ಎಂದು ಹೇಳಬೇಕೆನ್ನಿಸಿತು. ಹೇಳಲಿಲ್ಲ. ಏನು ಮಾಡುತ್ತಾರೆಂದು ನೋಡಬೇಕಿತ್ತು ನನಗೆ.

ಅವರು ಗೋಡೆ ಹಿಡಿದುಕೊಂಡು ಎದ್ದರು. ಕುತ್ತಿಗೆಯ ಬಟ್ಟೆಯನ್ನು ಸಡಿಲ ಮಾಡಿಕೊಂಡರು. ಬಲಗೈಯನ್ನು ಪೂರ್ತಿ ಮೇಲಕ್ಕೆತ್ತಿ, ಶಾಲೆಯಲ್ಲಿ ಹಾಜರಿ ಹೇಳುವ ಮಕ್ಕಳ ಹಾಗೆ, ನಿಂತರು. ಆ ಗೋಡೆಯ ಕಡೆ ಎರಡನೆಯ ಕೈಗಾಗಿ ಅಭ್ಯಾಸಬಲದಿಂದ ಕೆಲವರು ತಿರುಗಿ ನೋಡಿದರು. ಅಲ್ಲಿ ಕೈ ಇರಲಿಲ್ಲ.

ದೇವೀರಮ್ಮ ನನಗೆ ಹೇಳಿದಳು, "ಇನ್ನೊಂದಪ ಆಕವ್ವ. ಸರ್ಯಾಗಿ ಕೇಳಾನ."

ಟೀಚರ್ ಎತ್ತಿದ ಕೈಯನ್ನು ಇಳಿಸದೆ ಅಕ್ಕನನ್ನು ನೋಡಿದರು. ಉಳಿದಿದ್ದ ಆ ಒಡಕು ಧ್ವನಿಯಲ್ಲಿ, ಎದೆಯಿಂದ ಗಾಳಿ ತೆಗೆದು, ಸ್ಪಷ್ಟವಾಗಿ ಹೇಳಿದರು:

"ಹಾಕು."

ನಾನು ಹಾಕಿದೆ.